ತಾನೇ ಬೆಳಗುವ ಟ್ರಿಟಿಯಂ ನಳಿಕೆ: ಕಸ್ಟಮ್ಸ್ ಕೋಡ್ ಹುಡುಕುವುದು ಹೇಗೆ?

ಬ್ಯಾಟರಿ ಇಲ್ಲ, ತಂತಿ ಇಲ್ಲ, ಹಗಲಲ್ಲಿ ಬಿಸಿಲಿಗೆ ಇಟ್ಟು ಚಾರ್ಜ್ ಮಾಡುವ ಗೋಜೂ ಇಲ್ಲ. ಅಕ್ಕಿಕಾಳಿಗಿಂತ ತೆಳ್ಳಗಿರುವ ಗಾಜಿನ ನಳಿಕೆಯೊಂದು ಕತ್ತಲಲ್ಲಿ ವರ್ಷಗಟ್ಟಲೆ ಹಸಿರಾಗಿ ಬೆಳಗುತ್ತಲೇ ಇರುತ್ತದೆ. ಕೈಗಡಿಯಾರದ ಮುಳ್ಳಿನಲ್ಲಿ, ದಿಕ್ಸೂಚಿಯಲ್ಲಿ, ವಿಮಾನ ಮತ್ತು ಕಟ್ಟಡಗಳ ನಿರ್ಗಮನ ಫಲಕಗಳಲ್ಲಿ ಬಳಸುವ ಈ ವಸ್ತುವನ್ನು ಭಾರತಕ್ಕೆ ತರಿಸುವವರು ಕಡಿಮೆ. ಆದರೆ ತರಿಸುವವರಿಗೆ ಮೊದಲ ತಲೆನೋವು ಬೆಲೆಯದಲ್ಲ, ಎಚ್‌ಎಸ್ ಕೋಡಿನದು, ಅಂದರೆ ಸುಂಕಕ್ಕಾಗಿ ಪ್ರತಿ ಸರಕಿಗೂ ಕೊಡುವ ವರ್ಗೀಕರಣ ಸಂಖ್ಯೆಯದು. ಇದನ್ನು ದೀಪ ಎನ್ನಬೇಕೋ, ಗಡಿಯಾರದ ಬಿಡಿಭಾಗ ಎನ್ನಬೇಕೋ, ಗಾಜಿನ ಸಾಮಾನೋ, ವಿಕಿರಣಶೀಲ ರಾಸಾಯನಿಕವೋ? ನಾಲ್ಕಕ್ಕೂ ವಾದವಿದೆ. ಯಾವ ಸಾಲಿಗೆ ಸೇರುತ್ತದೆ ಎಂಬುದರ ಮೇಲೆ ಸುಂಕ ಮಾತ್ರವಲ್ಲ, ಯಾವ ಇಲಾಖೆಯ ಅನುಮತಿ ಕೇಳುತ್ತಾರೆ ಎಂಬುದೂ ನಿಂತಿದೆ.

ಈ ಲೇಖನ ಆ ಒಂದು ನಳಿಕೆಯನ್ನೇ ಹಿಡಿದು ವರ್ಗೀಕರಣದ ದಾರಿಯನ್ನು ತೋರಿಸುತ್ತದೆ. ನೀವು ಎಲ್‌ಇಡಿಯನ್ನೋ ಹೊಳೆಯುವ ಬಣ್ಣದ ಪುಡಿಯನ್ನೋ ತರಿಸುವವರಾದರೂ ದಾರಿ ಇದೇ. ಅವುಗಳ ಮಾತು ನಡುವೆ ಬರುತ್ತದೆ.

ಮೊದಲು ವಸ್ತುವನ್ನು ತಿಳಿಯಿರಿ

ಹೆಚ್ಚಿನವರು ಮಾಡುವುದು ತಲೆಕೆಳಗು. ಮೊದಲು ಗೂಗಲ್‌ನಲ್ಲಿ ಕೋಡ್ ಹುಡುಕುತ್ತಾರೆ, ಆಮೇಲೆ ವಸ್ತುವಿನ ವಿವರಣೆಯನ್ನು ಆ ಕೋಡಿಗೆ ಹೊಂದಿಸುತ್ತಾರೆ. ಕಸ್ಟಮ್ಸ್ ಅಧಿಕಾರಿ ಹೋಗುವುದು ಇದರ ಎದುರು ದಿಕ್ಕಿನಲ್ಲಿ. ವಸ್ತು ಏನು, ಯಾವುದರಿಂದ ಆಗಿದೆ, ಹೇಗೆ ಕೆಲಸ ಮಾಡುತ್ತದೆ ಎಂದು ಕೇಳಿದ ಮೇಲೆಯೇ ಅವರು ಕೋಡಿಗೆ ಬರುವುದು.

ಟ್ರಿಟಿಯಂ ನಳಿಕೆಯಲ್ಲಿ ಇರುವುದು ಮೂರೇ. ಹೊರಗೆ ಬೋರೋಸಿಲಿಕೇಟ್ ಗಾಜು. ಒಳಗೋಡೆಗೆ ಫಾಸ್ಫರ್ ಲೇಪನ, ಹಸಿರು ಬೆಳಕಿಗಾದರೆ ಸಾಮಾನ್ಯವಾಗಿ ತಾಮ್ರ ಬೆರೆಸಿದ ಜಿಂಕ್ ಸಲ್ಫೈಡ್. ಅದರೊಳಗೆ ಟ್ರಿಟಿಯಂ ಅನಿಲ, ಅಂದರೆ ಹೈಡ್ರೋಜನ್ನಿನ ವಿಕಿರಣಶೀಲ ಐಸೋಟೋಪ್. ಎರಡೂ ತುದಿಗಳನ್ನು ಕರಗಿಸಿ ಮುಚ್ಚಿರುತ್ತಾರೆ. ಟ್ರಿಟಿಯಂ ಕ್ಷಯಿಸುವಾಗ ಹೊರಡುವ ಬೀಟಾ ಕಣ ಫಾಸ್ಫರಿಗೆ ಬಡಿದು ಬೆಳಕಾಗುತ್ತದೆ. ಆ ಕಣದ ಗರಿಷ್ಠ ಶಕ್ತಿ 18.6 ಕಿಲೋ ಎಲೆಕ್ಟ್ರಾನ್ ವೋಲ್ಟ್ ಮಾತ್ರ, ಗಾಜನ್ನು ದಾಟಿ ಹೊರಬರುವ ತ್ರಾಣ ಅದಕ್ಕಿಲ್ಲ. ಅರ್ಧಾಯುಷ್ಯ 12.3 ವರ್ಷ, ಹಾಗಾಗಿ ಹನ್ನೆರಡು ವರ್ಷಕ್ಕೆ ಬೆಳಕು ಅರ್ಧಕ್ಕಿಂತ ಸ್ವಲ್ಪ ಮೇಲಷ್ಟೇ ಉಳಿಯುತ್ತದೆ. ಸ್ವಿಟ್ಜರ್ಲೆಂಡಿನ ಬರ್ನ್ ಪಕ್ಕದ ನೀಡರ್‌ವಾಂಗೆನ್‌ನಲ್ಲಿರುವ ಎಂಬಿ-ಮೈಕ್ರೋಟೆಕ್ ಕಂಪನಿ ಇಂಥ ನಳಿಕೆಗಳನ್ನು ತಯಾರಿಸುವುದರಲ್ಲಿ ಹೆಸರಾಗಿದೆ. ‘ಟ್ರಿಗಾಲೈಟ್’ ಎಂಬ ಹೆಸರನ್ನು ಗಡಿಯಾರಪ್ರಿಯರು ಕೇಳಿರುತ್ತಾರೆ.

ಪೂರೈಕೆದಾರರಿಂದ ಬರಹದಲ್ಲಿ ತರಿಸಿಕೊಳ್ಳಬೇಕಾದ ವಿವರಗಳು ಇವು: ನಳಿಕೆಯ ಉದ್ದ, ವ್ಯಾಸ, ತೂಕ, ಪ್ರತಿ ನಳಿಕೆಯಲ್ಲಿ ಎಷ್ಟು ಬೆಕೆರೆಲ್ ಅಥವಾ ಮಿಲಿಕ್ಯೂರಿ (ವಿಕಿರಣಶೀಲತೆಯ ಅಳತೆಗಳು) ಟ್ರಿಟಿಯಂ ಇದೆ, ಫಾಸ್ಫರ್ ಯಾವುದು, ಯಾವ ತಿಂಗಳಲ್ಲಿ ತುಂಬಿದ್ದು, ನಳಿಕೆ ಬಿಡಿಯಾಗಿ ಬರುತ್ತದೋ, ಯಾವುದಾದರೂ ಹೋಲ್ಡರಿನಲ್ಲಿ ಕೂರಿಸಿ ಬರುತ್ತದೋ, ನಿರ್ದಿಷ್ಟ ಮಾದರಿಯ ಗಡಿಯಾರಕ್ಕೆಂದೇ ಮಾಡಿದ್ದೋ, ಎಲ್ಲಿಗೂ ಹಾಕಬಹುದಾದ ಸಾಮಾನ್ಯ ಅಳತೆಯದೋ. ಕೊನೆಯ ಎರಡು ಪ್ರಶ್ನೆಗಳು ಚಿಕ್ಕವೆಂದು ತೋರುತ್ತವೆ, ಆದರೆ ತಗಾದೆ ಹುಟ್ಟುವುದೇ ಅಲ್ಲಿ.

ಒಂದು ಎಚ್ಚರಿಕೆ. ನಮ್ಮಲ್ಲಿ ಕತ್ತಲಲ್ಲಿ ಮಿನುಗುವ ಎಲ್ಲಕ್ಕೂ ‘ರೇಡಿಯಂ’ ಎನ್ನುವ ರೂಢಿ ಇದೆ, ಲಾರಿಯ ಹಿಂದೆ ಅಂಟಿಸುವ ಪ್ರತಿಫಲಕ ಸ್ಟಿಕ್ಕರಿಗೂ ಅದೇ ಹೆಸರು. ಇನ್‌ವಾಯ್ಸ್‌ನಲ್ಲಿ, ಪರ್ಚೇಸ್ ಆರ್ಡರ್‌ನಲ್ಲಿ ಆ ಪದ ಬರದಂತೆ ನೋಡಿಕೊಳ್ಳಿ. ಸ್ಟಿಕ್ಕರಿನಲ್ಲಿ ರೇಡಿಯಂ ಇಲ್ಲ, ಟ್ರಿಟಿಯಂ ನಳಿಕೆಯಲ್ಲೂ ಇಲ್ಲ. ಕಾಗದದ ಮೇಲೆ ಆ ಹೆಸರು ಕಂಡರೆ ಮಾತ್ರ ಪೆಟ್ಟಿಗೆ ಗೋದಾಮಿನಲ್ಲೇ ಉಳಿಯುತ್ತದೆ.

ಬಂದಿಳಿದ ಸ್ಥಿತಿ ಯಾವುದು?

ಆಮದಾದ ಕ್ಷಣದಲ್ಲಿ ವಸ್ತು ಯಾವ ಸ್ಥಿತಿಯಲ್ಲಿದೆ ಎಂಬುದೇ ಮುಖ್ಯ, ಮುಂದೆ ನೀವು ಅದನ್ನು ಏನು ಮಾಡುತ್ತೀರಿ ಎಂಬುದಲ್ಲ. ಡನ್ಲಪ್ ಇಂಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1975ರಷ್ಟು ಹಿಂದೆಯೇ ಹೇಳಿದ ಮಾತಿದು. ಟೈರ್ ಉದ್ಯಮಕ್ಕೆ ಬಂದ ವಿಪಿ ಲೇಟೆಕ್ಸ್ ರಬ್ಬರೋ ರಾಳವೋ ಎಂಬ ಜಗಳ ಅದು. ಸುಂಕದ ಸಾಲಿನಲ್ಲೇ ಬಳಕೆಯ ಮಾತು ಇದ್ದರೆ ಬೇರೆ ಲೆಕ್ಕ, ಇಲ್ಲದಿದ್ದರೆ ಬಳಕೆ ಅಪ್ರಸ್ತುತ.

ಟ್ರಿಟಿಯಂ ವಿಷಯದಲ್ಲಿ ಇದರ ಪರಿಣಾಮ ನೋಡಿ (ಕೋಡಿನ ಮೊದಲ ಎರಡಂಕಿ ಅಧ್ಯಾಯ, ನಾಲ್ಕಂಕಿ ಶೀರ್ಷಿಕೆ, ಆರಂಕಿ ಉಪಶೀರ್ಷಿಕೆ). ಪೂರ್ತಿ ಕೈಗಡಿಯಾರವಾಗಿ ಬಂದರೆ 9101 ಅಥವಾ 9102, ಒಳಗೆ ಏನೇ ಬೆಳಗಲಿ. ದಿಕ್ಸೂಚಿಯಾಗಿ ಬಂದರೆ 9014 10. ಟ್ರಿಟಿಯಂ ನಳಿಕೆಗಳನ್ನು ಶಾಶ್ವತವಾಗಿ ಕೂರಿಸಿದ ನಿರ್ಗಮನ ಫಲಕವಾದರೆ 9405, ಅದರಲ್ಲೂ ಎಲ್‌ಇಡಿಗೆಂದೇ ಮಾಡಿದ್ದಲ್ಲದ ಬೆಳಗುವ ಫಲಕಗಳ ಉಪಶೀರ್ಷಿಕೆ 9405 69. ಈ ಮೂರರಲ್ಲಿ ದೊಡ್ಡ ತಕರಾರಿಲ್ಲ. ವಿಕಿರಣಶೀಲ ವಸ್ತು ಒಳಗಿದೆ ಎಂಬ ಒಂದೇ ಕಾರಣಕ್ಕೆ ಪೂರ್ಣ ಉಪಕರಣ ರಾಸಾಯನಿಕವಾಗಿಬಿಡುವುದಿಲ್ಲ. ಅಮೆರಿಸಿಯಂ ಇರುವ ಹೊಗೆ ಪತ್ತೆ ಯಂತ್ರ ಬೆಂಕಿ ಎಚ್ಚರಿಕೆ ಸಾಧನವಾಗಿ 8531 10ರಲ್ಲೇ ಕೂರುತ್ತದೆ.

ಜಗಳ ಇರುವುದು ಬಿಡಿ ನಳಿಕೆಗೆ. ಅದು ಇನ್ನೂ ಗಡಿಯಾರವಾಗಿಲ್ಲ, ಫಲಕವಾಗಿಲ್ಲ, ಆದರೂ ಬೆಳಗುತ್ತಿದೆ.

ಹಕ್ಕುದಾರ ಶೀರ್ಷಿಕೆಗಳ ಪಟ್ಟಿ

ಭಾರತದ ಸುಂಕದ ಪಟ್ಟಿ ಇರುವುದು 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯ ಮೊದಲ ಅನುಸೂಚಿಯಲ್ಲಿ. ಎಂಟು ಅಂಕಿಯ ಕೋಡಿನ ಮೊದಲ ಆರು ಅಂಕಿ ಬ್ರಸೆಲ್ಸ್‌ನ ವಿಶ್ವ ಕಸ್ಟಮ್ಸ್ ಸಂಸ್ಥೆಯ ಹಾರ್ಮನೈಸ್ಡ್ ಸಿಸ್ಟಂನವು, ಪಾಲಿಸುವ ಎಲ್ಲ ದೇಶಗಳಲ್ಲೂ ಒಂದೇ. ಕೊನೆಯ ಎರಡು ನಮ್ಮವು. ಹಾಗಾಗಿ ಸ್ವಿಸ್ ಪೂರೈಕೆದಾರರು ಕೊಟ್ಟ ಕೋಡಿನ ಮೊದಲ ಆರು ಅಂಕಿ ಸುಳಿವಾಗಬಹುದು, ಆದರೆ ಅದು ರಫ್ತಿಗೆ ಅವರು ಬರೆದುಕೊಂಡದ್ದು. ನಮ್ಮ ಅಧಿಕಾರಿ ಅದಕ್ಕೆ ಕಟ್ಟುಬಿದ್ದಿಲ್ಲ.

ಬಿಡಿ ನಳಿಕೆಯ ಮುಂದೆ ನಿಲ್ಲುವ ಶೀರ್ಷಿಕೆಗಳು:

2844: ವಿಕಿರಣಶೀಲ ಮೂಲವಸ್ತು, ಐಸೋಟೋಪ್, ಅವುಗಳ ಸಂಯುಕ್ತ ಮತ್ತು ಅವನ್ನು ಒಳಗೊಂಡ ಮಿಶ್ರಣ. 2022ರ ಪರಿಷ್ಕರಣೆಯಲ್ಲಿ ಟ್ರಿಟಿಯಂಗೆ ಪ್ರತ್ಯೇಕ ಉಪಶೀರ್ಷಿಕೆಯೇ ಬಂತು, 2844 41.

9405: ದೀಪದ ಸಾಧನಗಳು ಮತ್ತು ಅವುಗಳ ಭಾಗ. ವಿದ್ಯುತ್ ಇಲ್ಲದವಕ್ಕೆ 9405 50. ಭಾಗಗಳಾದರೆ ಗಾಜಿನದು 9405 91, ಪ್ಲಾಸ್ಟಿಕ್ಕಿನದು 9405 92, ಉಳಿದವು 9405 99.

9114: ಗಡಿಯಾರದ ಇತರ ಬಿಡಿಭಾಗ.

7020: ಗಾಜಿನ ಇತರ ಸಾಮಾನು.

ಇಲ್ಲದ್ದನ್ನೂ ಹೇಳಿಬಿಡುತ್ತೇನೆ. 8539 ಅಲ್ಲ, ಏಕೆಂದರೆ ಅದು ವಿದ್ಯುತ್ ದೀಪಗಳ ಶೀರ್ಷಿಕೆ. 8541 ಅಲ್ಲ, ಇಲ್ಲಿ ಅರೆವಾಹಕ ಇಲ್ಲ. 8543ರ ಮಾತೂ ಬೇಡ, ಅದು ವಿದ್ಯುತ್ ಯಂತ್ರೋಪಕರಣಗಳದು. ‘ಬೆಳಗುತ್ತದೆ, ಆದ್ದರಿಂದ 85ನೇ ಅಧ್ಯಾಯ’ ಎಂಬ ಅಭ್ಯಾಸದ ಕೈಬರಹ ಇಲ್ಲಿ ನಡೆಯುವುದಿಲ್ಲ.

ಶೀರ್ಷಿಕೆಗಿಂತ ಮುಂಚೆ ಟಿಪ್ಪಣಿ ಓದಿ

ವ್ಯಾಖ್ಯಾನದ ಸಾಮಾನ್ಯ ನಿಯಮಗಳು ಆರು. ಮೊದಲನೆಯದೇ ರಾಜ: ಶೀರ್ಷಿಕೆಯ ಪದಗಳು ಮತ್ತು ವಿಭಾಗ, ಅಧ್ಯಾಯಗಳ ಟಿಪ್ಪಣಿಗಳು. ಇವೆರಡರಲ್ಲಿ ಉತ್ತರ ಸಿಕ್ಕರೆ ‘ಮೂಲ ಗುಣ ಯಾವುದು’ ಎಂಬ ಮೂರನೇ ನಿಯಮದ ಚರ್ಚೆಗೆ ಹೋಗುವಂತೆಯೇ ಇಲ್ಲ. ಎಷ್ಟೋ ಅರ್ಜಿಗಳು ನೇರವಾಗಿ ಮೂರನೇ ನಿಯಮಕ್ಕೆ ಹಾರಿ ಅಲ್ಲೇ ಮುಗ್ಗರಿಸುತ್ತವೆ.

ನಮ್ಮ ನಳಿಕೆಗೆ ಸಂಬಂಧಿಸಿದ ಅತಿ ಬಲವಾದ ಟಿಪ್ಪಣಿ ಆರನೇ ವಿಭಾಗದ ಮೊದಲನೆಯದು. 2844 ಅಥವಾ 2845ರ ವಿವರಣೆಗೆ ಹೊಂದುವ ಸರಕು, ವಿಕಿರಣಶೀಲ ಅದಿರನ್ನು ಬಿಟ್ಟು, ಆ ಶೀರ್ಷಿಕೆಗಳಿಗೇ ಸೇರಬೇಕು, ಇಡೀ ಪಟ್ಟಿಯ ಬೇರಾವ ಶೀರ್ಷಿಕೆಗೂ ಅಲ್ಲ ಎನ್ನುತ್ತದೆ ಅದು. ಕಾನೂನಿನಲ್ಲಿ ಇಷ್ಟು ಖಡಾಖಂಡಿತ ಮಾತು ಅಪರೂಪ. ಇದೇ ಕಾರಣಕ್ಕೆ ವಿಕಿರಣಶೀಲ ಉಪ್ಪು 2501ರ ಉಪ್ಪಾಗುವುದಿಲ್ಲ, 2844ಕ್ಕೆ ಹೋಗುತ್ತದೆ.

ಹಾಗಾದರೆ 2844ರ ವಿವರಣೆಗೆ ಏನು ಹೊಂದುತ್ತದೆ? 28ನೇ ಅಧ್ಯಾಯದ 6ನೇ ಟಿಪ್ಪಣಿ ಅದನ್ನು ಎಣಿಸಿ ಕೊಡುತ್ತದೆ. ವಿಕಿರಣಶೀಲ ಐಸೋಟೋಪ್‌ಗಳು, ಅವುಗಳ ಸಂಯುಕ್ತಗಳು ಸೇರುತ್ತವೆ. ಮಿಶ್ರಲೋಹ, ಸೆರಾಮಿಕ್ ವಸ್ತು, ಮಿಶ್ರಣ ಇತ್ಯಾದಿ ಸೇರಬೇಕಾದರೆ ಒಂದು ಅಳತೆ ದಾಟಿರಬೇಕು: ಗ್ರಾಂಗೆ 74 ಬೆಕೆರೆಲ್.

ಈ ಅಳತೆಯನ್ನು ನೀವೇ ಲೆಕ್ಕ ಹಾಕಿ ನೋಡಬಹುದು. 1 ಕ್ಯೂರಿ ಎಂದರೆ 3,700 ಕೋಟಿ ಬೆಕೆರೆಲ್. ಉದಾಹರಣೆಗೆ ಒಂದು ನಳಿಕೆಯಲ್ಲಿ 2 ಮಿಲಿಕ್ಯೂರಿ ಟ್ರಿಟಿಯಂ ಇದೆ, ಗಾಜು ಸೇರಿ ಅದರ ತೂಕ 0.1 ಗ್ರಾಂ ಎಂದು ಇಟ್ಟುಕೊಳ್ಳಿ. 2 ಮಿಲಿಕ್ಯೂರಿ ಅಂದರೆ 7.4 ಕೋಟಿ ಬೆಕೆರೆಲ್. ಗ್ರಾಂ ಲೆಕ್ಕಕ್ಕೆ ತಂದರೆ 74 ಕೋಟಿ. ಮಿತಿ 74. ಅಂದರೆ ಗಾಜಿನ ತೂಕವನ್ನು ಸೇರಿಸಿಕೊಂಡರೂ ಮಿತಿಯ ಒಂದು ಕೋಟಿ ಪಟ್ಟು. ‘ಹಳೇ ಸ್ಟಾಕ್, ಶಕ್ತಿ ಇಳಿದಿದೆ’ ಎಂಬ ವಾದಕ್ಕೂ ಇಲ್ಲಿ ಜಾಗವಿಲ್ಲ. ಒಂದು ಕೋಟಿ ಪಟ್ಟು ಇಳಿಯಲು ಇಪ್ಪತ್ತಮೂರಕ್ಕೂ ಹೆಚ್ಚು ಅರ್ಧಾಯುಷ್ಯ ಬೇಕು, ಸುಮಾರು 286 ವರ್ಷ. ಬೆಲೆ ಘೋಷಿಸುವಾಗ ಮಾತ್ರ ತಯಾರಿಕೆಯ ದಿನಾಂಕ ಕೆಲಸಕ್ಕೆ ಬರುತ್ತದೆ. ಆರು ವರ್ಷ ಹಳೆಯ ನಳಿಕೆಯನ್ನು ಕಡಿಮೆ ದರಕ್ಕೆ ಕೊಂಡಿದ್ದರೆ ಆ ದರ ಏಕೆ ಕಡಿಮೆ ಎಂದು ತೋರಿಸಲು ಅದೇ ಸಾಕ್ಷಿ.

ಆದರೆ ಮುಗಿಯಲಿಲ್ಲ. ನಳಿಕೆ ‘ಮಿಶ್ರಣ’ವೇ? ಗಾಜು, ಫಾಸ್ಫರ್, ಅನಿಲ ಮೂರೂ ತಮ್ಮ ತಮ್ಮ ಜಾಗದಲ್ಲಿ ಬೇರೆಬೇರೆಯಾಗಿವೆ, ಬೆರೆತಿಲ್ಲ. ಅದು ಐಸೋಟೋಪ್ ಅನ್ನು ತುಂಬಿಟ್ಟ ಪಾತ್ರೆ ಮಾತ್ರವೂ ಅಲ್ಲ, ಏಕೆಂದರೆ ಒಳಗಿನ ಲೇಪನಕ್ಕೆ ತನ್ನದೇ ಕೆಲಸವಿದೆ. ಆಮದುದಾರರ ಪರ ವಕೀಲರು ಹಿಡಿಯುವ ಎಳೆ ಇದು: ಇದು ತಯಾರಾದ ವಸ್ತು, ರಾಸಾಯನಿಕ ಅಲ್ಲ, ವಿವರಣೆಗೆ ಹೊಂದದಿದ್ದರೆ ‘ಬೇರಾವ ಶೀರ್ಷಿಕೆಗೂ ಅಲ್ಲ’ ಎಂಬ ಕಟ್ಟೂ ಅನ್ವಯಿಸುವುದಿಲ್ಲ. ಸುಲಭಕ್ಕೆ ತಳ್ಳಿಹಾಕುವ ವಾದವಲ್ಲ.

ಪುಡಿಯಾಗಿ ಬಂದರೆ ಈ ಗೊಂದಲ ಇರುವುದಿಲ್ಲ. ಬೆಳಕು ಕುಡಿದು ಕತ್ತಲಲ್ಲಿ ಬಿಡುವ ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಪುಡಿ ವಿಕಿರಣಶೀಲವಲ್ಲ, ಅದರ ಜಾಗ 3206 50. ಅಂಥ ಪುಡಿಗೆ ವಿಕಿರಣಶೀಲ ಲವಣ ಬೆರೆಸಿ ತಾನೇ ಬೆಳಗುವಂತೆ ಮಾಡಿದರೆ, 74ರ ಮಿತಿ ದಾಟಿದ ಕೂಡಲೇ ಅದು 2844. ಅಲ್ಲಿ ‘ಮಿಶ್ರಣ’ ಎಂಬ ಮಾತಿಗೆ ಅನುಮಾನವಿಲ್ಲ.

9405 ಮತ್ತು 9114ರ ವಾದಗಳು

9405ಕ್ಕೆ ಒಂದು ಅನುಕೂಲವಿದೆ. ಈ ಶೀರ್ಷಿಕೆಯ ಅಧಿಕೃತ ವಿವರಣಾ ಟಿಪ್ಪಣಿ ಬೆಳಕಿನ ಮೂಲ ಯಾವುದೂ ಆಗಿರಬಹುದು ಎನ್ನುತ್ತದೆ: ಮೇಣದಬತ್ತಿ, ಎಣ್ಣೆ, ಸೀಮೆಎಣ್ಣೆ, ಅನಿಲ, ಅಸಿಟಿಲೀನ್, ವಿದ್ಯುತ್ ‘ಇತ್ಯಾದಿ’. ಆ ಇತ್ಯಾದಿಯೊಳಗೆ ಟ್ರಿಟಿಯಂ ನುಸುಳಬಲ್ಲದು. ಇಂಥ ವಿವರಣಾ ಟಿಪ್ಪಣಿಗಳು ಭಾರತದಲ್ಲಿ ಕಾಯ್ದೆಯ ಭಾಗವಲ್ಲ, ಆದರೆ ಅವು ಭರವಸೆಯ ಮಾರ್ಗದರ್ಶಿ ಎಂದು ಸುಪ್ರೀಂ ಕೋರ್ಟ್ 1995ರ ವುಡ್ ಕ್ರಾಫ್ಟ್ ಪ್ರಾಡಕ್ಟ್ಸ್ ತೀರ್ಪಿನಲ್ಲಿ ಒಪ್ಪಿದೆ. ಧೈರ್ಯವಾಗಿ ಉಲ್ಲೇಖಿಸಿ.

ತೊಡಕು ಎಲ್ಲಿ? 2022ರ ಪರಿಷ್ಕರಣೆಗೆ ಮೊದಲು 9405ರ ಪಠ್ಯ ‘ಲ್ಯಾಂಪ್’ ಎಂದು ಶುರುವಾಗುತ್ತಿತ್ತು. ಈಗ ಅಲ್ಲಿ ‘ಲುಮಿನೇರ್’ ಎಂದಿದೆ. ಲುಮಿನೇರ್ ಎಂದರೆ ಬೆಳಕಿನ ಮೂಲವನ್ನು ಹಿಡಿದು, ಕಾಪಾಡಿ, ಬೆಳಕನ್ನು ಹರಡುವ ಪೂರ್ಣ ಸಾಧನ. ನಮ್ಮ ನಳಿಕೆ ಬೆಳಕಿನ ಮೂಲ ಮಾತ್ರ, ಅದಕ್ಕೆ ಕವಚವೂ ಇಲ್ಲ, ಹಿಡಿಯೂ ಇಲ್ಲ. ಸಚಿವಾಲಯದ ಹಳೆಯ ಸುತ್ತೋಲೆಯನ್ನೋ ಬೇರೆ ದೇಶದ 2022ಕ್ಕಿಂತ ಹಿಂದಿನ ತೀರ್ಪನ್ನೋ ತಂದು 9405 50 ಎನ್ನುವವರು ಈ ಪದ ಬದಲಾದುದನ್ನು ಗಮನಿಸಬೇಕು. ‘ಭಾಗ’ ಎಂದು ವಾದಿಸುವುದು ಇನ್ನೂ ಸಾಧ್ಯ, ಆದರೆ ಯಾವ ಲುಮಿನೇರಿನ ಭಾಗ ಎಂದು ತೋರಿಸಬೇಕು. ಗಡಿಯಾರಕ್ಕೆ ಹೋಗುವ ನಳಿಕೆ ಯಾವ ದೀಪದ ಭಾಗವೂ ಅಲ್ಲ. ನಿರ್ಗಮನ ಫಲಕಕ್ಕೆಂದೇ ಅಳತೆ ಕತ್ತರಿಸಿ, ಫಲಕದ ಚೌಕಟ್ಟಿನೊಂದಿಗೇ ಬರುವ ನಳಿಕೆ ಆ ವಾದಕ್ಕೆ ಒಗ್ಗುತ್ತದೆ.

9114ರ ಪರವಾಗಿ 91ನೇ ಅಧ್ಯಾಯದ 4ನೇ ಟಿಪ್ಪಣಿ ನಿಲ್ಲುತ್ತದೆ. ಗಡಿಯಾರಕ್ಕೂ ಬೇರೆ ವಸ್ತುಗಳಿಗೂ ಹೊಂದುವ ಭಾಗಗಳನ್ನು ಇದೇ ಅಧ್ಯಾಯಕ್ಕೆ ಸೇರಿಸಬೇಕು ಎನ್ನುತ್ತದೆ ಅದು. ಮೇಲ್ನೋಟಕ್ಕೆ ಎಲ್ಲ ಸಣ್ಣ ನಳಿಕೆಗಳನ್ನೂ ಬಾಚಿಕೊಳ್ಳುವಂತಿದೆ. ಆದರೆ ಮೊದಲು ಅದು ‘ಭಾಗ’ ಎಂದು ಗುರುತಿಸಬಲ್ಲದ್ದಾಗಿರಬೇಕು. ಮುಳ್ಳಿನಲ್ಲಿ ಕೂರಿಸಿದ್ದು, ಡಯಲಿಗೆ ಅಂಟಿಸಿದ್ದು ಸಲೀಸಾಗಿ ಗಡಿಯಾರದ ಭಾಗ, ಡಯಲ್ ಆದರೆ 9114 30. ಡಬ್ಬಿಯಲ್ಲಿ ಬಂದ, ಗಡಿಯಾರಕ್ಕೂ ಕೀಲಿಗೊಂಚಲಿಗೂ ಬಂದೂಕಿನ ಗುರಿಮೊನೆಗೂ ಸಮವಾಗಿ ಹೊಂದುವ ನಳಿಕೆ ಅಷ್ಟು ಸಲೀಸಲ್ಲ. ಬಂದೂಕಿನ ಮಾತು ಬಂದಿದ್ದರಿಂದ: ಗುರಿಮೊನೆಗಳು 93ನೇ ಅಧ್ಯಾಯದ ಬಿಡಿಭಾಗಗಳಾಗುತ್ತವೆ, ಆ ದಾರಿಗೆ ಬೇರೆಯೇ ಪರವಾನಗಿಗಳಿವೆ, ‘ವಾಚ್ ಪಾರ್ಟ್’ ಎಂದು ಬರೆದು ತರಿಸುವ ಯೋಚನೆ ಬೇಡ.

7020 ಉಳಿಕೆ ಶೀರ್ಷಿಕೆ. ಇದರ ಜಾಗ ಮೂರನೇ ನಿಯಮ ತಲುಪಿದಾಗ ಮಾತ್ರ, ಅಲ್ಲೂ ನಳಿಕೆಗೆ ಮೂಲ ಗುಣ ಕೊಡುವುದು ಗಾಜು ಎಂದು ಯಾರನ್ನೂ ಒಪ್ಪಿಸಲಾಗದು. ಅನಿಲ ತೆಗೆದರೆ ಉಳಿಯುವುದು ಬರೀ ಸೀಸೆ.

ನನ್ನ ಓದು ಇದು. ಸಾಮಾನ್ಯ ಅಳತೆಯ ಬಿಡಿ ನಳಿಕೆಗೆ 2844 41 ಅನ್ನು ಮೊದಲ ಆಯ್ಕೆಯಾಗಿ ಇಟ್ಟುಕೊಳ್ಳುವುದೇ ಸುರಕ್ಷಿತ. ಆರನೇ ವಿಭಾಗದ ಟಿಪ್ಪಣಿಯ ಬಲ ಹೆಚ್ಚು, ಟ್ರಿಟಿಯಂಗೆ ಹೆಸರಿಟ್ಟು ಕೊಟ್ಟ ಉಪಶೀರ್ಷಿಕೆ ಇದೆ, 9405ರ ಹೊಸ ಪಠ್ಯ ಬರಿಯ ಮೂಲವನ್ನು ದೂರ ತಳ್ಳುತ್ತದೆ. ಗಡಿಯಾರದ ನಿರ್ದಿಷ್ಟ ಭಾಗವಾಗಿ ರೂಪುಗೊಂಡದ್ದಾದರೆ 9114, ಫಲಕದ ಭಾಗವಾದರೆ 9405ರ ಭಾಗಗಳು. ಇದನ್ನು ಅಧಿಕಾರಿ ಒಪ್ಪಲೇಬೇಕೆಂದಿಲ್ಲ, ಆದ್ದರಿಂದಲೇ ಮುಂದಿನ ಹೆಜ್ಜೆ.

ಎಲ್‌ಇಡಿ ತರಿಸುವವರಿಗೆ ಎರಡು ಮಾತು

ವಿದ್ಯುತ್ತಿನಿಂದ ಬೆಳಗುವ ಬಿಡಿಭಾಗಗಳಿಗೆ ಏಣಿ ಸ್ಪಷ್ಟವಾಗಿದೆ. ಬರಿಯ ಎಲ್‌ಇಡಿ, ಹೆಚ್ಚೆಂದರೆ ರಕ್ಷಣಾ ಡಯೋಡ್ ಜೊತೆಗಿದ್ದರೆ 8541 41. ಅದರೊಂದಿಗೆ ವಿದ್ಯುತ್ ಪೂರೈಕೆ ಅಥವಾ ನಿಯಂತ್ರಣದ ಅಂಗಗಳು ಸರ್ಕ್ಯೂಟಿನಲ್ಲಿ ಸೇರಿದ್ದರೆ ಮಾಡ್ಯೂಲ್, 8539 51. ಹೋಲ್ಡರಿಗೆ ತಿರುಗಿಸಿ ಹಾಕುವ ಕ್ಯಾಪ್ ಇದ್ದರೆ ಎಲ್‌ಇಡಿ ಲ್ಯಾಂಪ್, 8539 52. ಕವಚ ಸಮೇತ ಪೂರ್ಣ ಸಾಧನವಾದರೆ 9405. ಇವೆಲ್ಲ 85ನೇ ಅಧ್ಯಾಯದ 11 ಮತ್ತು 12ನೇ ಟಿಪ್ಪಣಿಗಳಲ್ಲಿವೆ. ಎರಡು ವಾಹಕ ಪದರಗಳ ನಡುವೆ ಜಿಂಕ್ ಸಲ್ಫೈಡ್ ಇಟ್ಟು ಬೆಳಗಿಸುವ ಎಲೆಕ್ಟ್ರೋಲುಮಿನೆಸೆಂಟ್ ಹಾಳೆ ಮಾತ್ರ ಬೇರೆ, ಅದು 8543. ಫಾಸ್ಫರ್ ಟ್ರಿಟಿಯಂ ನಳಿಕೆಯದ್ದೇ ಆಗಿರಬಹುದು, ಆದರೆ ಬೆಳಗಿಸುವುದು ವಿದ್ಯುತ್ತು, ಅಷ್ಟಕ್ಕೇ ಅಧ್ಯಾಯ ಬದಲಾಯಿತು.

ಮುಂಗಡ ತೀರ್ಪು ಕೇಳಿ

ಬಿಡಿ ನಳಿಕೆಯಂಥ ಗಡಿರೇಖೆಯ ವಸ್ತುವಿಗೆ ಅಡ್ವಾನ್ಸ್ ರೂಲಿಂಗ್‌ಗಿಂತ, ಅಂದರೆ ಸರಕು ಬರುವ ಮೊದಲೇ ಕಸ್ಟಮ್ಸ್ ಮುಂಗಡ ತೀರ್ಪು ಪ್ರಾಧಿಕಾರ ಕೋಡ್ ನಿರ್ಧರಿಸಿ ಕೊಡುವ ತೀರ್ಪಿಗಿಂತ, ಒಳ್ಳೆಯ ಉಪಾಯವಿಲ್ಲ. ಕಸ್ಟಮ್ಸ್ ಕಾಯ್ದೆಯ 28ಎಚ್ ಕಲಂ ಅಡಿ ಅರ್ಜಿ, ಶುಲ್ಕ 10,000 ರೂಪಾಯಿ. ಪ್ರಾಧಿಕಾರದ ಪೀಠಗಳು ದೆಹಲಿ ಮತ್ತು ಮುಂಬೈಯಲ್ಲಿವೆ. ಅರ್ಜಿ ಬಂದ ಮೂರು ತಿಂಗಳಲ್ಲಿ ತೀರ್ಪು ಕೊಡಬೇಕೆಂದು ಕಾಯ್ದೆ ಹೇಳುತ್ತದೆ. ತೀರ್ಪು ಅರ್ಜಿದಾರರಿಗೂ ಅವರ ವಿಷಯದಲ್ಲಿ ಕಸ್ಟಮ್ಸ್ ಕಮಿಷನರಿಗೂ ಬದ್ಧ. 2022ರ ತಿದ್ದುಪಡಿ ಅದರ ಆಯುಸ್ಸನ್ನು ಮೂರು ವರ್ಷ, ಅಥವಾ ಕಾನೂನು ಬದಲಾಗುವವರೆಗೆ ಎಂದು ಮಿತಿಗೊಳಿಸಿತ್ತು. ಒಪ್ಪಿಗೆಯಾಗದಿದ್ದರೆ ಹೈಕೋರ್ಟ್ ಇದೆ.

ಸಮಯ ಮುಖ್ಯ. ಅದೇ ಪ್ರಶ್ನೆ ನಿಮ್ಮ ವಿಷಯದಲ್ಲಿ ಈಗಾಗಲೇ ಅಧಿಕಾರಿಯ, ನ್ಯಾಯಮಂಡಳಿಯ ಅಥವಾ ಕೋರ್ಟಿನ ಮುಂದಿದ್ದರೆ ಪ್ರಾಧಿಕಾರ ಅರ್ಜಿಯನ್ನು ಮುಟ್ಟುವುದಿಲ್ಲ. ಆದ್ದರಿಂದ ಸರಕು ಹಡಗನ್ನೋ ವಿಮಾನವನ್ನೋ ಹತ್ತುವ ಮೊದಲೇ ಕೇಳಬೇಕು.

ಅರ್ಜಿಯಲ್ಲಿ ನಿಮಗೆ ಬೇಕಾದ ಕೋಡನ್ನು ಮಾತ್ರ ಬರೆದು ಸುಮ್ಮನಾಗಬೇಡಿ. ಎದುರಾಳಿ ಶೀರ್ಷಿಕೆಗಳನ್ನೂ ನೀವೇ ಮುಂದಿಟ್ಟು ಅವು ಏಕಲ್ಲ ಎಂದು ಟಿಪ್ಪಣಿ ಸಮೇತ ಬರೆಯಿರಿ. ನಳಿಕೆಯ ಅಡ್ಡಸೀಳಿನ ಚಿತ್ರ, ತಯಾರಕರ ವಿವರಪತ್ರ, ಬೆಕೆರೆಲ್ ಲೆಕ್ಕ ಲಗತ್ತಿಸಿ. ಅಮೆರಿಕದ ಕಸ್ಟಮ್ಸ್ ತೀರ್ಪುಗಳ ‘ಕ್ರಾಸ್’ ಮತ್ತು ಐರೋಪ್ಯ ಒಕ್ಕೂಟದ ವರ್ಗೀಕರಣ ತೀರ್ಪುಗಳ ‘ಬಿಟಿಐ’ ಕಡತಗಳು ಅಂತರ್ಜಾಲದಲ್ಲಿ ಉಚಿತ. ಇಲ್ಲಿ ಅವು ಬದ್ಧವಲ್ಲ, ಆದರೆ ಆರು ಅಂಕಿಗಳ ಮಟ್ಟಿಗೆ ವಾದದ ಜಾಡು ತೋರಿಸುತ್ತವೆ. ಉಲ್ಲೇಖಿಸುವಾಗ ತೀರ್ಪಿನ ವರ್ಷ ನೋಡಿ, 2022ರ ಹಿಂದಿನದೋ ಮುಂದಿನದೋ ಎಂಬುದರಿಂದ ಅದರ ತೂಕ ಬದಲಾಗುತ್ತದೆ.

ಕೋಡ್ ಒಂದು ಕಡೆ, ಅನುಮತಿ ಇನ್ನೊಂದು ಕಡೆ

9114 ಎಂದು ವರ್ಗೀಕರಿಸಿಬಿಟ್ಟರೆ ಅಣುಶಕ್ತಿ ನಿಯಂತ್ರಣ ಮಂಡಳಿಯ ಕಾಟ ತಪ್ಪುತ್ತದೆ ಎಂದು ಯೋಚಿಸುವವರಿದ್ದಾರೆ. ತಪ್ಪುವುದಿಲ್ಲ. 1983ರಲ್ಲಿ ಸ್ಥಾಪನೆಯಾದ, ಮುಂಬೈಯಲ್ಲಿ ನೆಲೆಸಿದ ಈ ಎಇಆರ್‌ಬಿಗೆ ಬೇಕಾದದ್ದು ಸುಂಕದ ಕೋಡಲ್ಲ, ಒಳಗೆ ವಿಕಿರಣಶೀಲ ವಸ್ತು ಎಷ್ಟಿದೆ ಎಂಬುದು. ಅರ್ಜಿ ಸಲ್ಲಿಸುವುದು ಅದರ ಇ-ಲೋರಾ ಪೋರ್ಟಲ್‌ನಲ್ಲಿ. ನಿಮ್ಮ ಪ್ರಮಾಣಕ್ಕೆ ಯಾವ ಹಂತದ ಒಪ್ಪಿಗೆ ಬೇಕೆಂದು ಆರ್ಡರ್ ಕೊಡುವ ಮೊದಲೇ ಬರಹದಲ್ಲಿ ಕೇಳಿ. ಕೈಗಡಿಯಾರಗಳ ಡಯಲಿನ ಕೆಳಗೆ ‘ಟಿ25’ ಎಂದಿದ್ದರೆ ಒಟ್ಟು ಟ್ರಿಟಿಯಂ 25 ಮಿಲಿಕ್ಯೂರಿವರೆಗೆ, ಅಂದರೆ 92.5 ಕೋಟಿ ಬೆಕೆರೆಲ್‌ವರೆಗೆ ಎಂದು ಅರ್ಥ. ಒಂದು ಗಡಿಯಾರಕ್ಕೂ ಸಾವಿರ ನಳಿಕೆಗಳ ಡಬ್ಬಿಗೂ ಒಂದೇ ಉತ್ತರ ಸಿಗುವುದಿಲ್ಲ. ಜೊತೆಗೆ ಡಿಜಿಎಫ್‌ಟಿಯ (ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ) ಆಮದು ನೀತಿಯ ಪಟ್ಟಿಯಲ್ಲಿ ನಿಮ್ಮ ಎಂಟು ಅಂಕಿಯ ಎದುರು ‘ಮುಕ್ತ’ ಎಂದಿದೆಯೋ ‘ನಿರ್ಬಂಧಿತ’ ಎಂದಿದೆಯೋ ನೋಡಿ.

ಸಾಗಣೆಯದೂ ಪ್ರತ್ಯೇಕ ಲೋಕ. ಇಂಥ ವಸ್ತುಗಳು ಹೆಚ್ಚಾಗಿ ಯುಎನ್ 2911 ಎಂಬ ಸಂಖ್ಯೆಯಡಿ, ವಿನಾಯಿತಿ ಪೊಟ್ಟಣದಲ್ಲಿನ ವಿಕಿರಣಶೀಲ ಉಪಕರಣ ಅಥವಾ ವಸ್ತುವಾಗಿ ಪಯಣಿಸುತ್ತವೆ. ಏರ್‌ವೇ ಬಿಲ್ ಮೇಲೆ ಆ ಸಂಖ್ಯೆ ಇದ್ದು ಬಿಲ್ ಆಫ್ ಎಂಟ್ರಿಯಲ್ಲಿ (ಆಮದುದಾರರು ಕಸ್ಟಮ್ಸ್‌ಗೆ ಸಲ್ಲಿಸುವ ಘೋಷಣೆ) ಬರೀ ‘ಗ್ಲಾಸ್ ಟ್ಯೂಬ್’ ಎಂದಿದ್ದರೆ ಎರಡು ಕಾಗದಗಳೇ ಒಂದರ ಮೇಲೊಂದು ಚಾಡಿ ಹೇಳುತ್ತವೆ.

ಬಿಲ್ ಆಫ್ ಎಂಟ್ರಿ ತುಂಬುವಾಗ

ಕಸ್ಟಮ್ಸ್ ಕಾಯ್ದೆಯ 17ನೇ ಕಲಂ ಪ್ರಕಾರ ಸ್ವಯಂ ಮೌಲ್ಯಮಾಪನ ನಿಮ್ಮ ಹೊಣೆ. ಕೋಡ್ ಬರೆದದ್ದು ಸಿಎಚ್‌ಎ, ಅಂದರೆ ನಿಮ್ಮ ಕಸ್ಟಮ್ಸ್ ಏಜೆಂಟ್, ಆದರೂ ಉತ್ತರ ಕೊಡಬೇಕಾದವರು ಆಮದುದಾರರೇ. ಇನ್ನೊಂದು ವಿಷಯ ನೆನಪಿಡಿ. 2020ರ ಜೂನ್ 8ರಂದು ಬೆಂಗಳೂರು ಮತ್ತು ಚೆನ್ನೈಗಳಲ್ಲಿ ಶುರುವಾದ ಮುಖರಹಿತ ಮೌಲ್ಯಮಾಪನ ಈಗ ದೇಶವೆಲ್ಲ ಇದೆ. ಸರಕು ದೇವನಹಳ್ಳಿಯಲ್ಲಿ ಇಳಿದರೂ ಕಡತ ನೋಡುವ ಅಧಿಕಾರಿ ಬೇರೆ ಊರಲ್ಲಿ ಕೂತಿರಬಹುದು. ಎದುರಿಗೆ ಹೋಗಿ ನಳಿಕೆ ತೋರಿಸಿ ವಿವರಿಸುವ ಕಾಲ ಹೋಯಿತು. ನಿಮ್ಮ ವಿವರಣೆಯ ಒಂದು ಸಾಲು, ಇ-ಸಂಚಿತ್ ಎಂಬ ಕಸ್ಟಮ್ಸ್ ಜಾಲತಾಣ ವ್ಯವಸ್ಥೆಗೆ ಏರಿಸಿದ ದಾಖಲೆಗಳು, ಇಷ್ಟೇ ಅವರ ಕಣ್ಣಿಗೆ ಬೀಳುವುದು.

ಆ ಒಂದು ಸಾಲನ್ನು ಹೀಗೆ ಬರೆಯಬಹುದು: ‘ಮುಚ್ಚಿದ ಬೋರೋಸಿಲಿಕೇಟ್ ಗಾಜಿನ ನಳಿಕೆ, ಒಳಗೋಡೆಗೆ ಜಿಂಕ್ ಸಲ್ಫೈಡ್ ಫಾಸ್ಫರ್, ಟ್ರಿಟಿಯಂ ಅನಿಲ ತುಂಬಿದ್ದು, ವಿದ್ಯುತ್ ರಹಿತ, ತಾನೇ ಬೆಳಗುವಂಥದ್ದು, ಪ್ರತಿ ನಳಿಕೆಗೆ ಇಷ್ಟು ಬೆಕೆರೆಲ್, ಬಿಡಿಯಾಗಿ.’ ಫಾರಂನಲ್ಲಿ ಇದು ಇಂಗ್ಲಿಷಿನಲ್ಲಿ ಹೋಗುತ್ತದೆ, ಆದರೆ ಇರಬೇಕಾದ ಅಂಶಗಳು ಇವೇ. ‘ಲೈಟಿಂಗ್ ಪಾರ್ಟ್ಸ್’ ಎಂಬ ಎರಡೇ ಪದದ ವಿವರಣೆ ಪ್ರಶ್ನೆಯನ್ನು ಕರೆದು ತರುತ್ತದೆ.

ಸುಂಕದ ಲೆಕ್ಕ ಕಟ್ಟುವ ಕ್ರಮ ಯಾವ ಕೋಡಿಗೂ ಒಂದೇ. ಮೂಲ ಸುಂಕದ ದರ 10 ಪ್ರತಿಶತ, ಐಜಿಎಸ್‌ಟಿ 18 ಎಂದು ಉದಾಹರಣೆಗೆ ಹಿಡಿಯಿರಿ. 100 ರೂಪಾಯಿ ಮೌಲ್ಯಕ್ಕೆ ಮೂಲ ಸುಂಕ 10, ಅದರ ಮೇಲೆ 10 ಪ್ರತಿಶತ ಸಮಾಜ ಕಲ್ಯಾಣ ಸರ್‌ಚಾರ್ಜ್ ಅಂದರೆ 1. ಈಗ 111ರ ಮೇಲೆ ಐಜಿಎಸ್‌ಟಿ 19.98. ಒಟ್ಟು 30.98. ಇದರಲ್ಲಿ ಐಜಿಎಸ್‌ಟಿ ಹೂಡುವಳಿ ತೆರಿಗೆ ಕ್ರೆಡಿಟ್ ಆಗಿ ಮರಳುವ ವ್ಯಾಪಾರಿಗೆ ನಿಜವಾದ ವೆಚ್ಚ 11 ಮಾತ್ರ. ನಿಜದ ದರಗಳನ್ನು ಸರಕು ಬರುವ ದಿನದ ಅಧಿಸೂಚನೆಗಳಿಂದಲೇ ತೆಗೆದುಕೊಳ್ಳಿ. ಬಜೆಟ್‌ನಲ್ಲಿ ಬದಲಾಗದ ವರ್ಷ ಕಡಿಮೆ.

ಅಧಿಕಾರಿ ಒಪ್ಪದಿದ್ದರೆ 18ನೇ ಕಲಂ ಅಡಿ ತಾತ್ಕಾಲಿಕ ಮೌಲ್ಯಮಾಪನ ಕೇಳಿ, ಬಾಂಡ್ ಕೊಟ್ಟು ಸರಕು ಬಿಡಿಸಿಕೊಂಡು ವಾದ ಮುಂದುವರಿಸಬಹುದು. ಸುಮ್ಮನೆ ಅವರು ಹೇಳಿದ ಕೋಡಿಗೆ ಒಪ್ಪಿ ಕಟ್ಟಿದರೆ ಮುಂದಿನ ಸರಕಿಗೂ ಅದೇ ಗಂಟು ಬೀಳುತ್ತದೆ. ಕಡಿಮೆ ಕಟ್ಟಿದ ಸುಂಕವನ್ನು 28ನೇ ಕಲಂ ಪ್ರಕಾರ ಸಾಮಾನ್ಯವಾಗಿ ಎರಡು ವರ್ಷದೊಳಗೆ ಕೇಳಬಹುದು, ಮುಚ್ಚಿಟ್ಟದ್ದು ಎಂದು ಸಾಬೀತಾದರೆ ಐದು ವರ್ಷದವರೆಗೆ. ಪೂರ್ಣ ವಿವರಣೆ ಬರೆದಿದ್ದೂ ಕೋಡ್ ಮಾತ್ರ ತಪ್ಪಾಗಿದ್ದರೆ ಅದನ್ನು ‘ಮುಚ್ಚಿಟ್ಟದ್ದು’ ಎನ್ನುವುದು ಇಲಾಖೆಗೆ ಕಷ್ಟ. ವಿವರಣೆಯ ಸಾಲಿಗೆ ಇಷ್ಟು ಒತ್ತು ಕೊಟ್ಟದ್ದು ಅದಕ್ಕೇ.

ಹಾರ್ಮನೈಸ್ಡ್ ಸಿಸ್ಟಂನ ಮುಂದಿನ ಪರಿಷ್ಕರಣೆ 2028ರ ಜನವರಿ 1ರಿಂದ ಜಾರಿಗೆ ಬರುತ್ತದೆ. ಅದರಾಚೆಗೂ ಸರಕು ತರಿಸುವ ಕರಾರು ಮಾಡಿಕೊಳ್ಳುತ್ತಿದ್ದರೆ, ಆಗಿನ ಪಟ್ಟಿಯಲ್ಲಿ 2844, 9114 ಮತ್ತು 9405ರ ಪಠ್ಯವನ್ನು ಮತ್ತೊಮ್ಮೆ ಪದ ಪದ ಓದಿ, ಕೈಯಲ್ಲಿರುವ ಮುಂಗಡ ತೀರ್ಪು ಯಾವ ಪಠ್ಯದ ಮೇಲೆ ಬಂದದ್ದೆಂದು ಹೋಲಿಸಿ ನೋಡಿ.